ಲಡಾಖ್ ಆಮೇಲೆ, ಮೊದಲು ಮಾಲೇಕಲ್ಲು!

ಕಳೆದ ವಾರದ ಟಪಾಲಿನಲ್ಲಿ ಬಂದ ಒಂದು ಪತ್ರ ನನ್ನ ನಿದ್ದೆ ಕೆಡಿಸಿದೆ. ಬರೆದವನು ಕಡೂರು ಕಡೆಯ ಒಬ್ಬ ತಮ್ಮ. ಹೆಸರು ಹಾಕುವುದಿಲ್ಲ, ಮನೆಯವರ ಕಣ್ಣಿಗೆ ಬಿದ್ದರೆ ಅವನಿಗೆ ಗ್ರಹಚಾರ!

"ಅಣ್ಣಾ, ನಾವು ಮೂರು ಜನ ಗೆಳೆಯರು. ಸಿನಿಮಾದಲ್ಲಿ ಹೀರೋ ಬೈಕ್ ಹತ್ತಿ ಹಿಮದ ಬೆಟ್ಟದ ಮಧ್ಯೆ ಹೋಗೋದು ನೋಡಿ ನೋಡಿ ತಲೆ ಕೆಟ್ಟಿದೆ. ಲಡಾಖ್ ನೋಡ್ಲೇಬೇಕು. ಬರೋವಾಗ ರಾಜಸ್ಥಾನದ ಮರಳುಗಾಡನ್ನೂ ಮುಗಿಸ್ಕೊಂಡು ಬರೋಣ ಅಂತ. ಕಡಿಮೆ ಖರ್ಚಲ್ಲಿ ಆಗುತ್ತಾ? ಅಮ್ಮನ ಸರ ಒಂದಿದೆ. ಅಡ ಇಟ್ರೆ ಸಾಕಾಗುತ್ತಾ?"

ಕೊನೇ ಸಾಲು ಓದಿ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟೆ.

ತಮ್ಮಾ, ನಿನಗೆ ಲೆಕ್ಕ ಒಪ್ಪಿಸುವ ಮುಂಚೆ ನನ್ನದೊಂದು ಫ್ಲಾಪ್ ಚಿತ್ರದ ಕಥೆ ಕೇಳು. ಕಥೆ, ಚಿತ್ರಕಥೆ, ನಿರ್ದೇಶನ, ಮುಖ್ಯ ಪಾತ್ರ ಎಲ್ಲಾ ನಾನೇ. ಬಂಡವಾಳ ಮಾತ್ರ ನಮ್ಮಮ್ಮಂದು.

ಆಗ ನನಗೆ ಇಪ್ಪತ್ತೆರಡು. ಪಿಯುಸಿ ಅರ್ಧಕ್ಕೆ ಬಿಟ್ಟು ಐದು ವರ್ಷವಾಗಿತ್ತು. ಅಮ್ಮನ ಎರಡೆಳೆ ಸರ ತಿಪಟೂರಿನ ಒಂದು ಗಿರವಿ ಅಂಗಡಿ ಸೇರಿತು. ಕದ್ದು ಇಡಲಿಲ್ಲ, ಕೇಳಿಯೇ ಇಟ್ಟೆ. "ದಿಲ್ಲೀಲಿ ಕೆಲಸದ ಇಂಟರ್‌ವ್ಯೂ ಇದೆ ಕಣಮ್ಮಾ" ಅಂತ ಹೇಳಿ ಕೇಳಿದೆ. ಅವಳು ಮಾತಾಡದೆ ಕತ್ತಿನಿಂದ ಬಿಚ್ಚಿ ಕೊಟ್ಟಳು.

ದಿಲ್ಲಿ ಆಯ್ತು, ಮನಾಲಿ ಆಯ್ತು. ಅಲ್ಲಿಂದ ಲೇಹ್ ಕಡೆ ಹೋಗುವ ಷೇರ್ ಗಾಡಿಯಲ್ಲಿ ಹಿಂದಿನ ಸೀಟು. ಎಲ್ಲಾ ಅಗ್ಗ! ಉಳಿದುಕೊಂಡರೆ ರೂಮಿಗೆ ದುಡ್ಡು ಹೋಗುತ್ತಲ್ಲ ಅಂತ ಎಲ್ಲೂ ನಿಲ್ಲಲಿಲ್ಲ. ಇಲ್ಲೇ ನಾನು ಕೆಟ್ಟದ್ದು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಇಡೀ ಕರ್ನಾಟಕಕ್ಕೇ ಅದು ತುತ್ತತುದಿ. ಮನಾಲಿ ಊರೇ ಸುಮಾರು 2,050 ಮೀಟರಿನಲ್ಲಿದೆ. ಅಂದರೆ ಅಲ್ಲಿಯ ಬಸ್‌ಸ್ಟ್ಯಾಂಡೇ ನಮ್ಮ ತುದಿಗಿಂತ ಮೇಲೆ! ಅಲ್ಲಿಂದ ಬೆಳಗ್ಗೆ ಹೊರಟವನು ರಾತ್ರಿ ಮಲಗಿದ್ದು ಸರ್ಚು ಅನ್ನೋ ಜಾಗದ ಟೆಂಟಿನಲ್ಲಿ, 4,290 ಮೀಟರಿನಲ್ಲಿ.

ನಡುರಾತ್ರಿ ತಲೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ. ವಾಂತಿ. ಎದ್ದು ಹೊರಗೆ ಹೋದರೆ ಕುಡಿದವನ ಹಾಗೆ ಕಾಲು ಅತ್ತ ಇತ್ತ. ಸುಮ್ಮನೆ ಕೂತಿದ್ದರೂ ಏದುಸಿರು. ಟೆಂಟಿನವನು ಟಾರ್ಚ್ ಹಾಕಿ ನನ್ನ ಮುಖ ನೋಡಿದ. ಬೆಳಗಾಗುವುದನ್ನೂ ಕಾಯದೆ ಮನಾಲಿ ಕಡೆ ಇಳಿಯುವ ಲಾರಿಗೆ ಕೈ ಅಡ್ಡ ಹಿಡಿದು ಹತ್ತಿಸಿದ. ಬಾರಾಲಾಚಾ ಕಣಿವೆ ದಾಟಿ ಕೇಲಾಂಗ್‌ಗೆ ಇಳಿಯುವ ಹೊತ್ತಿಗೆ ಜೀವ ಬಂತು. ಅಲ್ಲಿ ಎರಡು ದಿನ ಆಸ್ಪತ್ರೆ ಮಂಚ.

ಸರ್ಚು ಇರುವುದು ಹಿಮಾಚಲ ಮುಗಿದು ಲಡಾಖ್ ಶುರುವಾಗುವ ಗಡಿಯಲ್ಲಿ. ಹೊಸ್ತಿಲವರೆಗೂ ಹೋಗಿ ವಾಂತಿ ಮಾಡಿ ವಾಪಸ್ ಬಂದ ಗಂಡು ನಾನು! ಸರ ಬಿಡಿಸಿಕೊಳ್ಳೋಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಅಮ್ಮ ಮದುವೆ ಮನೆಗಳಿಗೆ ಸೆರಗು ಹೊದ್ದು ಹೋಗುತ್ತಿದ್ದಳು.

ಇರಲಿ. ಈಗ ಈ ವಾರದ ವಿಷಯಕ್ಕೆ ಬರೋಣ.

ಜನವರಿ ಕೊನೆಯಲ್ಲಿ ನಾನೂ ನನ್ನ ಗೆಳೆಯನೂ ಒಂದು ಸವಾಲು ಹಾಕಿಕೊಂಡೆವು. ಬೆಟ್ಟ ಹತ್ತಬೇಕು, ಕಾಲು ಸೋಲುವಷ್ಟು ನಡೆಯಬೇಕು, ಊರು ನೋಡಬೇಕು, ಆದರೆ ಯಾರ ಹತ್ತಿರವೂ ಕೈಯೊಡ್ಡಬಾರದು. ಗೆಳೆಯ ಗಾಂಧಿನಗರದಲ್ಲಿ ಸಾಹಸ ದೃಶ್ಯಗಳಿಗೆ ಓಡಾಡುವ ಹುಡುಗ. ಹೀರೋ ಒದ್ದರೆ ತರಕಾರಿ ಗಾಡಿ ಮೇಲೆ ಬೀಳುವ ಹತ್ತು ಜನರಲ್ಲಿ ಆರನೆಯವನು. "ಬೆಟ್ಟ ಅಂದ್ರೆ ನಂಗೇನ್ ಗುರೂ, ನಾನು ಫೈಟರ್ರು!" ಅಂದ. ಈ ಮಾತು ನೆನಪಿಟ್ಟುಕೊಳ್ಳಿ.

ಬೆಂಗಳೂರಿನಿಂದ ರಾತ್ರಿ ರೈಲು, ಜನರಲ್ ಬೋಗಿ, ಬಾಗಿಲ ಪಕ್ಕ. ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದಾಗ ಇನ್ನೂ ಕತ್ತಲು. ನಾನು ತಿಪಟೂರಿನವನು. ಹುಬ್ಬಳ್ಳಿಗೆ ಹೋಗುವಾಗ, ಹಾಸನಕ್ಕೆ ಹೋಗುವಾಗ ಈ ಜಂಕ್ಷನ್‌ನಲ್ಲಿ ಎಷ್ಟು ಸಲ ವಡೆ ತಿಂದಿದ್ದೇನೋ ಲೆಕ್ಕವಿಲ್ಲ. ಸ್ಟೇಷನ್ನಿನ ಆಚೆ ಒಂದು ಊರಿದೆ, ಆ ಊರಿಗೊಂದು ಬೆಟ್ಟವಿದೆ ಅಂತ ಒಂದು ದಿನವೂ ಇಳಿದು ನೋಡಿರಲಿಲ್ಲ. ಸರ್ಚುವರೆಗೂ ಹೋಗಿದ್ದೆ ನೋಡಿ!

ಬೆಳಕಾಗುವವರೆಗೂ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆವು. ಕತ್ತಲಲ್ಲೇ ಹತ್ತೋಣ, ಸೂರ್ಯೋದಯ ಹಿಡಿಯೋಣ ಅಂತ ಗೆಳೆಯ ಕುಣಿಯುತ್ತಿದ್ದ. ನಾನು ಬೇಡ ಅಂದೆ. ಈ ಸೀಮೆಯ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ. ಕರಡಿಗೆ ನಾವು ಯಾವ ಸಂಘದ ಫೈಟರ್ ಅಂತ ಗೊತ್ತಾಗುವುದಿಲ್ಲ.

ಮಾಲೇಕಲ್ಲು ತಿರುಪತಿ ಊರಿಗೆ ಹತ್ತಿರವೇ. ಆಟೋ ಸಿಗುತ್ತೆ, ನಾವು ನಡೆದೆವು. ಹಿರೇಕಲ್ ಗುಡ್ಡದ ಸಾಲು ಎದುರಿಗೆ ಗೋಡೆಯ ಹಾಗೆ ನಿಂತಿರುತ್ತೆ. ಕೆಳಗೆ ಗೋವಿಂದರಾಜ ಸ್ವಾಮಿ, ಮೇಲೆ ವೆಂಕಟರಮಣ. ಆಷಾಢದಲ್ಲಿ ಇಲ್ಲಿ ತೇರು, ಆಗ ಕಾಲಿಡಲು ಜಾಗವಿರುವುದಿಲ್ಲ. ಮಾಮೂಲಿ ದಿನಗಳಲ್ಲಿ ನೀವು, ಮೆಟ್ಟಿಲು ಮತ್ತು ಕೋತಿಗಳು. ಮೆಟ್ಟಿಲು ಸಾವಿರದಿನ್ನೂರು ಅಂತಾರೆ. ನಾನು ಎಣಿಸುತ್ತಾ ಹತ್ತಿದೆ, ನಾನೂರರ ಹತ್ತಿರ ಒಂದು ಕೋತಿ ಕಡಲೆಕಾಯಿ ಪೊಟ್ಟಣ ಕಿತ್ತುಕೊಂಡು ಹೋಯ್ತು. ಅದರ ಜತೆ ಲೆಕ್ಕವೂ ಹೋಯ್ತು.

ನಾವು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಇಬ್ಬರಿಗೂ ಸೇರಿ ಒಂದೇ ಲೀಟರ್ ನೀರು. ಜನವರಿ ಅಲ್ವಾ, ತಂಪು ಅಲ್ವಾ ಅಂತ. ಅರಸೀಕೆರೆ ಮಲೆನಾಡಲ್ಲ ಸ್ವಾಮೀ. ಘಟ್ಟದ ಮಳೆಯನ್ನೆಲ್ಲಾ ಸಕಲೇಶಪುರ, ಬೇಲೂರಿನವರು ಮೊದಲೇ ಹಿಡಿದುಕೊಂಡು, ಮಿಕ್ಕ ಮೋಡ ಮಾತ್ರ ಇತ್ತ ಕಳಿಸ್ತಾರೆ. ತೆಂಗು, ರಾಗಿ, ಬಂಡೆ, ಬಿಸಿಲು. ಒಂಬತ್ತು ಗಂಟೆಗೆಲ್ಲಾ ಕಲ್ಲು ಕಾದು ಬಾಟಲಿ ಖಾಲಿ. ದಾರಿಯ ಮಂಟಪದಲ್ಲಿ ಒಬ್ಬಳು ಅಜ್ಜಿ ಮಜ್ಜಿಗೆ ಇಟ್ಟುಕೊಂಡು ಕೂತಿದ್ದಳು.

"ಏನ್ರಪ್ಪಾ, ನೀರಿಲ್ದೆ ಬೆಟ್ಟ ಹತ್ತಾಕ್ ಬಂದ್ರಾ? ಕೈಯಾಗೆ ಅಷ್ಟು ದೊಡ್ಡ ಫೋನ್ ಐತೆ, ಒಂದು ತಂಬಿಗೆ ಇಲ್ವಾ?"

ಎರಡೆರಡು ಲೋಟ ಕುಡಿದೆವು. ಹೇಳೋಕೆ ಮಾತಿರಲಿಲ್ಲ.

ಮೇಲೆ ಹೋದ ಮೇಲಿನ ಗಾಳಿ ಇದೆಯಲ್ಲಾ, ಅದನ್ನು ಬರೆದು ತಿಳಿಸೋಕಾಗಲ್ಲ. ಕೆಳಗೆ ಊರು, ರೈಲಿನ ಹಳಿ, ಕಣ್ಣು ಹಾಯುವವರೆಗೂ ತೆಂಗಿನ ತಲೆ. ಒಂದು ಗೂಡ್ಸ್ ರೈಲು ಕಡೂರಿನ ಕಡೆಗೆ ಇರುವೆಸಾಲಿನ ಹಾಗೆ ಹೋಗ್ತಾ ಇತ್ತು. ಗೆಳೆಯನಿಗೆ ರೀಲ್ ತೆಗೆಯುವ ಹುಚ್ಚು ಹತ್ತಿದ್ದು ಆವಾಗಲೇ. "ಗುರೂ, ಆ ಬಂಡೆ ತುದೀಲಿ ನಿಂತ್ಕೋತೀನಿ. ನಿಧಾನಕ್ಕೆ ತಿರುಗ್ತೀನಿ. ಹೀರೋ ಎಂಟ್ರಿ! ನೀನು ಕೆಳಗಿಂದ ಹಿಡಿ." ಕಾಲಲ್ಲಿ ಸವೆದ ಚಪ್ಪಲಿ. ನಾನು ಬೇಡ ಅಂದೆನಾ? ಅನ್ನಲಿಲ್ಲ. ಅವನ ಫೋನ್ ಕೈಗೆ ತಗೊಂಡು ನಾನೇ ಹಿಡಿದೆ. ಚೆನ್ನಾಗಿ ಬರುತ್ತೆ ಅನ್ನಿಸಿತ್ತು.

ಅವನು ತಿರುಗಿದ. ಚಪ್ಪಲಿ ಜಾರಿತು. ಫೋನಿನ ಪರದೆಯಿಂದ ಅವನು ಮಾಯ!

ಹತ್ತು ಅಡಿ ಜಾರಿ ಒಂದು ಕಾರೇಗಿಡದ ಬುಡಕ್ಕೆ ಸಿಕ್ಕಿಕೊಂಡಿದ್ದ. ಗಿಡದ ಆಚೆ ಏನಿತ್ತು ಅಂತ ನಾನು ಬರೆಯುವುದಿಲ್ಲ, ಅವನ ತಾಯಿ ಈ ಪತ್ರಿಕೆ ಓದುತ್ತಾರೆ. ಮಂಡಿ ಸುಲಿದು, ಅಂಗೈಗೆ ಮುಳ್ಳು ಚುಚ್ಚಿತ್ತು. ಟವೆಲ್ ಇಳಿಬಿಟ್ಟು ಎಳೆದುಕೊಂಡೆ. ಮೇಲೆ ಬಂದವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನೇ ಅಂದ: "ಶೂಟಿಂಗ್‌ನಲ್ಲಿ ಇಷ್ಟೆತ್ತರಕ್ಕೆ ಸೊಂಟಕ್ಕೆ ರೋಪ್ ಕಟ್ತಾರೆ ಗುರೂ. ಕೆಳಗೆ ಹಾಸಿಗೆ ಹಾಕ್ತಾರೆ. ರೋಪನ್ನ ಆಮೇಲೆ ಕಂಪ್ಯೂಟರ್‌ನಲ್ಲಿ ಅಳಿಸ್ತಾರೆ."

ಅಳಿಸಿದ ರೋಪನ್ನು ನಾವು ನೋಡಿರುವುದಿಲ್ಲ, ಹಾರಿದವನನ್ನು ಮಾತ್ರ ನೋಡಿರುತ್ತೇವೆ. ರೋಪು, ಜಾಕೆಟ್ಟು ಇಲ್ಲದೆ ಹೋದರೆ ಏನಾಗುತ್ತೆ ಅಂತ ಕನ್ನಡ ಚಿತ್ರರಂಗಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ. 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ನನ್ನ ಗೆಳೆಯ ಬೆಟ್ಟ ಇಳಿಯುವಾಗ ಆ ಎರಡು ಹೆಸರನ್ನು ತಾನಾಗಿಯೇ ಹೇಳಿದ. ಆ ರೀಲ್ ಅಳಿಸಿಹಾಕಿದ. ಅರಸೀಕೆರೆ ಬಜಾರಿನಲ್ಲಿ 350 ರೂಪಾಯಿಗೆ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡ. ನಾನು ಎರಡು ದೊಡ್ಡ ಬಾಟಲಿ ಕೊಂಡೆ.

ಮಧ್ಯಾಹ್ನ ಬಿಸಿಲು ಇಳಿಯುವವರೆಗೂ ಊರೊಳಗಿನ ಈಶ್ವರ ದೇವಾಲಯದಲ್ಲಿ ಕಾಲು ಚಾಚಿದೆವು. 1220ರಲ್ಲಿ ಕಟ್ಟಿದ್ದು. ಮುಂದಿನ ಮಂಟಪ ನಕ್ಷತ್ರದ ಆಕಾರ, ತಲೆಯ ಮೇಲೆ ಕಲ್ಲಿನ ಗುಮ್ಮಟ. ಬೇಲೂರಿಗೆ ಹೋಗುವ ಕಾರುಗಳೆಲ್ಲಾ ಇದನ್ನು ಬಿಟ್ಟು ಹೋಗ್ತಾವೆ. ನಮಗೆ ಒಳ್ಳೇದೇ ಆಯ್ತು, ಇಡೀ ಮಂಟಪಕ್ಕೆ ನಾವಿಬ್ಬರೇ.

ಅಲ್ಲಿಂದ ಬಸ್ಸು. ಬಾಣಾವರ, ಜಾವಗಲ್ ಮೇಲೆ ಹಳೇಬೀಡು. ಬಸ್ಸಿನಲ್ಲಿ ಐವತ್ತು ಜನರಿದ್ದರೆ ನಲವತ್ತು ಜನ ಹೆಂಗಸರು. 2023ರ ಜೂನ್ 11ರಿಂದ ಅವರಿಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ! ಮೀಸೆ ಇದ್ದ ತಪ್ಪಿಗೆ ನಾವು ಕಾಸು ಕೊಟ್ಟು ನಿಂತುಕೊಂಡು ಹೋದೆವು. ಜಾವಗಲ್ ಬಂದಾಗ ಗೆಳೆಯ ಸುಲಿದ ಮಂಡಿ ಮರೆತು "ಶ್ರೀನಾಥ್!" ಅಂತ ಕೂಗಿದ. ಬಸ್ಸಿನಲ್ಲಿ ಇಬ್ಬರು ಹೆಂಗಸರು ನಕ್ಕರು. ಜಾವಗಲ್ ದಾಟುತ್ತಾ ಇದ್ದ ಹಾಗೆ ಕಿಟಕಿಯಿಂದ ಬರುವ ಗಾಳಿಯೇ ಬೇರೆ. ಮಣ್ಣಿನ ಬಣ್ಣ ಕಪ್ಪಾಗುತ್ತಾ ಬರುತ್ತೆ, ಕೆರೆಗಳು ಜಾಸ್ತಿಯಾಗುತ್ತವೆ.

ಹಳೇಬೀಡಿನ ಬಗ್ಗೆ ಗೈಡುಗಳು ಹೇಳುವುದನ್ನು ನಾನು ಹೇಳುವುದಿಲ್ಲ. 1121ರಲ್ಲಿ ಶುರುವಾದ ಹೊಯ್ಸಳೇಶ್ವರ, 1311ರಲ್ಲಿ ಮಲಿಕ್ ಕಾಫರನ ದಂಡು, ಇದೆಲ್ಲಾ ಪಠ್ಯಪುಸ್ತಕದಲ್ಲೇ ಇದೆ. ನಮ್ಮಂಥ ನಡೆಯುವವರಿಗೆ ಹೇಳಬೇಕಾದ್ದು ಬೇರೆ. ದೇವಸ್ಥಾನದ ಮುಂದೆ ಫೋಟೋ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಬಸ್ ಹತ್ತಬೇಡಿ. ಬಸ್ತಿಹಳ್ಳಿಗೆ ನಡೆಯಿರಿ. ಅಲ್ಲಿ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಿಮ್ಮ ಮುಖ ಕಾಣುತ್ತೆ, ಅಷ್ಟು ನುಣುಪು. ಸಂಜೆಗೆ ಪುಷ್ಪಗಿರಿ ಹತ್ತಿ. ಚಿಕ್ಕ ಗುಡ್ಡ, ಮೇಲೆ ಮಲ್ಲಿಕಾರ್ಜುನನ ಗುಡಿ. ಅಲ್ಲಿ ಕೂತರೆ ದೋರಸಮುದ್ರದ ಕೆರೆ, ಬಯಲು, ದೂರಕ್ಕೆ ಘಟ್ಟದ ನೀಲಿ ಸಾಲು. ಇಷ್ಟು ದೊಡ್ಡ ರಾಜಧಾನಿ ಇಷ್ಟು ಚಿಕ್ಕ ಊರಾಗಿದೆಯಲ್ಲ ಅಂತ ಮೇಲಿಂದ ನೋಡಿದಾಗಲೇ ಗೊತ್ತಾಗುವುದು. ಗೆಳೆಯ ಫೋನ್ ಜೇಬಿನಿಂದ ತೆಗೆಯಲೇ ಇಲ್ಲ. ಬ್ಯಾಟರಿ ಮುಗಿದಿತ್ತು ಅನ್ನಿ, ಆದರೂ!

ರಾತ್ರಿ 600 ರೂಪಾಯಿ ರೂಮು, ಅನ್ನ ಸಾರು. ಮಾರನೆಯ ದಿನ ಆರು ಗಂಟೆಗೆ ಬೇಲೂರಿನ ಕಡೆ ಕಾಲು ಹಾಕಿದೆವು. 16 ಕಿಲೋಮೀಟರ್. ಮಂಜು ಹೊಲದ ಮೇಲೆ ಕೂತಿತ್ತು. ರಸ್ತೆ ಬಲಗಡೆಗೇ ನಡೆಯಿರಿ, ಎದುರಿಗೆ ಬರುವ ಲಾರಿ ಕಣ್ಣಿಗೆ ಕಾಣುತ್ತೆ. ಹೊಸ ಶೂ ಹಾಕಿಕೊಂಡು ಉದ್ದ ನಡಿಗೆ ಹೊರಡಬೇಡಿ. ನಾವು ಹೊರಟೆವು, ಆರನೇ ಕಿಲೋಮೀಟರಿಗೆ ಹಿಮ್ಮಡಿಯಲ್ಲಿ ಬೊಬ್ಬೆ. ಕೊಬ್ಬರಿ ಎಣ್ಣೆ ಹಚ್ಚಿ ಎರಡು ಕಾಲುಚೀಲ ಹಾಕಿದರೆ ಸ್ವಲ್ಪ ತಡೆಯುತ್ತೆ. ತಿನ್ನೋಕೆ ಅವಲಕ್ಕಿ, ಬೆಲ್ಲ, ಕಡಲೆಕಾಯಿ. ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ. ಇದಕ್ಕಿಂತ ದುಬಾರಿ ಆಹಾರ ಯಾವ ಬೆಟ್ಟಕ್ಕೂ ಬೇಕಿಲ್ಲ.

16 ಕಿಲೋಮೀಟರ್ ನಡೆದೆವು ಅಂತ ಬರೆದರೆ ಕೇಳುವವರು ಯಾರೂ ಇಲ್ಲ. ಆದರೆ ಸುಳ್ಳು ಬೇಡ. ಹನ್ನೆರಡಕ್ಕೆ ಗೆಳೆಯನ ಮಂಡಿ ಊದಿಕೊಂಡಿತು. ಹಿಂದಿನಿಂದ ಬಸ್ಸು ಬಂತು. ಇಬ್ಬರೂ ಕೈ ಎತ್ತಿದೆವು.

ಬೇಲೂರು! ನಮ್ಮ ಸಿನಿಮಾ ಮಂದಿಗೆ ಬೇಲೂರು ಅಂದರೆ 1964ರ 'ಅಮರಶಿಲ್ಪಿ ಜಕಣಾಚಾರಿ'. ಬಿ.ಎಸ್. ರಂಗಾ ನಿರ್ದೇಶನ, ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಆ ಚಿತ್ರ ನೋಡಿದವರು ಇಲ್ಲಿ ಬಂದು ಕಪ್ಪೆಯ ಕಲ್ಲು ಎಲ್ಲಿ ಅಂತ ಹುಡುಕುತ್ತಾರೆ. ಆದರೆ ಜಕಣಾಚಾರಿಯ ಹೆಸರು ಇಲ್ಲಿಯ ಶಾಸನಗಳಲ್ಲಿ ಇಲ್ಲ. ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿ ಹೋದವರು ಬೇರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಇರುವುದು ಶಿಕಾರಿಪುರ ಸೀಮೆಯಲ್ಲಿ. ಅಪ್ಪ ಮಗ ಉಳಿ ಸುತ್ತಿಗೆ ಹೊತ್ತುಕೊಂಡು ಘಟ್ಟದ ಕಾಡಿನ ಅಂಚಿನಲ್ಲಿ ಬೇಲೂರಿಗೆ ಬಂದಿರಬೇಕಲ್ಲ? ಒಂಬೈನೂರು ವರ್ಷದ ಹಿಂದೆ ಯಾವ ಬಸ್ಸು, ಯಾವ ಶೂ? ಗೆಳೆಯ ಮಂಡಿ ಹಿಡಿದುಕೊಂಡು ಬೇಟೆಗಾರ್ತಿ ಮದನಿಕೆಯ ಕೆಳಗೆ ಕೂತು ಇದನ್ನೇ ಯೋಚಿಸ್ತಿದ್ದ. "ಅವರಿಗೂ ಬೊಬ್ಬೆ ಬಂದಿರುತ್ತೆ ಅಲ್ವಾ ಗುರೂ?"

2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಬೇಲೂರಿಗೂ ಹಳೇಬೀಡಿಗೂ ಬೇರೆ ಗತ್ತು ಬಂದಿದೆ. ಗುಡಿಯ ಅಂಗಳದಲ್ಲಿ ಹಳೇ ಗತ್ತು ಹಾಗೇ ಇದೆ. 42 ಅಡಿಯ ದೀಪಸ್ತಂಭ ಯಾರ ಆಸರೆಯೂ ಇಲ್ಲದೆ ತನ್ನ ಭಾರದ ಮೇಲೆ ತಾನೇ ನಿಂತಿದೆ.

ಮರಳುಗಾಡು ಕೇಳಿದ್ದೆಯಲ್ಲಾ ತಮ್ಮಾ, ಅದಕ್ಕೂ ಬೇಲೂರಿನಲ್ಲೇ ಉತ್ತರ ಇದೆ. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದ. ಆಮೇಲೆ 1117ರಲ್ಲಿ ಬೇಲೂರಿನ ಚೆನ್ನಕೇಶವ, ತಲಕಾಡಿನಲ್ಲಿ ಕೀರ್ತಿನಾರಾಯಣ. ಆ ತಲಕಾಡೇ ನಮ್ಮ ಮರಳುಗಾಡು. ಕಾವೇರಿ ದಡದಲ್ಲಿ ಗುಡ್ಡ ಗುಡ್ಡ ಮರಳು, ಅದರೊಳಗೆ ಹೂತು ಹೋಗಿ ಮತ್ತೆ ತೋಡಿ ತೆಗೆದ ಗುಡಿಗಳು. ಮೈಸೂರಿನಿಂದ ಬಸ್ಸಿದೆ. ಮಟಮಟ ಮಧ್ಯಾಹ್ನ ಆ ಮರಳಿನ ಮೇಲೆ ಬರಿಗಾಲಲ್ಲಿ ನೂರು ಹೆಜ್ಜೆ ಇಟ್ಟು ನೋಡು. ಜೈಸಲ್ಮೇರ್‌ಗೆ ಯಾವ ತಿಂಗಳು ಹೋಗಬೇಕು ಅಂತ ನಿನಗೇ ಗೊತ್ತಾಗುತ್ತೆ. (ನವೆಂಬರ್‌ನಿಂದ ಫೆಬ್ರವರಿ. ರಾತ್ರಿ ನಡುಗಿಸುವ ಚಳಿ, ಕಂಬಳಿ ಇರಲಿ.)

ಲಡಾಖ್‌ಗೆ ಹೋಗಲೇಬೇಡ ಅಂತ ನಾನು ಹೇಳ್ತಾ ಇಲ್ಲ. ನನಗೂ ಬಾಕಿ ಇದೆ! ದುಡಿದ ದುಡ್ಡಲ್ಲಿ ಹೋಗು. ಲೇಹ್ 3,500 ಮೀಟರ್. ವಿಮಾನದಲ್ಲಿ ಇಳಿದರೂ ಎರಡು ದಿನ ಸುಮ್ಮನೆ ಬಿದ್ದುಕೊಳ್ಳಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 300ರಿಂದ 500 ಮೀಟರಿಗಿಂತ ಹೆಚ್ಚು ಏರಬಾರದು. ಮನಾಲಿಯಿಂದ ಹೋದರೆ ಕೇಲಾಂಗ್ ಕಡೆ ಎರಡು ರಾತ್ರಿ ನಿಲ್ಲು, ಸರ್ಚುವಿನಲ್ಲಿ ಮಲಗಬೇಡ. ರೂಮಿನ ದುಡ್ಡು ಉಳಿಸೋಕೆ ಹೋದರೆ ನನ್ನ ಗತಿ. ತಲೆನೋವು, ವಾಂತಿ, ತೂರಾಟ ಕಂಡರೆ ಮಾತ್ರೆ ನುಂಗಿ ಮುಂದೆ ಹೋಗೋದಲ್ಲ, ಕೆಳಗಿಳಿಯೋದು. ಮರ್ಯಾದೆ ನೋಡಬೇಡ. ಅದಕ್ಕೂ ಮೊದಲು ಮಾಲೇಕಲ್ಲು ಹತ್ತು. ಅದಾದ ಮೇಲೆ ಬೇಲೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಮುಳ್ಳಯ್ಯನಗಿರಿ. ಕುಮಾರಪರ್ವತದಂಥ ಕಾಡಿನ ಹಾದಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಮುಗಿಬಿದ್ದ ಮೇಲೆ ಬಂದ ವ್ಯವಸ್ಥೆ.

ಲೆಕ್ಕ ಕೇಳಿದ್ದೆ. ಇಬ್ಬರಿಗೂ ಸೇರಿ ರೈಲು, ಬಸ್ಸು, ರೂಮು, ಊಟ, ಮಜ್ಜಿಗೆ, ಮಂಡಿಗೆ ಮುಲಾಮು, ಶೂ ಎಲ್ಲಾ ಸೇರಿ 2,380 ರೂಪಾಯಿ. ಕೋತಿಗೆ ಹೋದ ಕಡಲೆಕಾಯಿ ಬೇರೆ.

ಬೇಲೂರಿನಿಂದ ಹಾಸನ, ಅಲ್ಲಿಂದ ಅರಸೀಕೆರೆ, ಅಲ್ಲಿಂದ ತಿಪಟೂರು. ಕುಂಟುತ್ತಾ ಮನೆ ಸೇರಿದಾಗ ರಾತ್ರಿ ಒಂಬತ್ತು. ಅಮ್ಮ ಗೆಳೆಯನ ಮಂಡಿ ನೋಡಿ ಅರಿಶಿನ ಅರೆಯೋಕೆ ಕೂತಳು. ಕತ್ತಿನಲ್ಲಿ ಸರ ಇತ್ತು.

"ಈ ಸಲ ಯಾವ ಇಂಟರ್‌ವ್ಯೂಗೆ ಹೋಗಿದ್ರಿ?" ಅಂದಳು. ತಲೆ ಎತ್ತಲಿಲ್ಲ.

ಎಷ್ಟು ವರ್ಷದಿಂದ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. "ಮಾಲೇಕಲ್ಲು ಹತ್ತೋಕೆ ಹೋಗಿದ್ವಮ್ಮಾ. ಸಾವಿರದಿನ್ನೂರು ಮೆಟ್ಟಿಲು!" ಅಂತ ಗೆಳೆಯ ಜಂಬದಿಂದ ಹೇಳಿದ.

"ಅದಾ? ಇವನ ಮುಡಿ ಕೊಡೋಕೆ ಹೋದಾಗ ಇವನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹತ್ತಿದ್ದೆ ಕಣಪ್ಪಾ. ದಾರಿ ಉದ್ದಕ್ಕೂ ಅಳ್ತಾನೇ ಇದ್ದ," ಅಂದಳು ಅಮ್ಮ. "ಹರಕೆ ಅಲ್ವಾ, ಬರಿಗಾಲು."